ವಿಆರ್ ಕನ್ನಡಕಕ್ಕೂ ವಸಾಹತುಶಾಹಿಗೂ ಏನು ನಂಟು?

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪು ಸುಲ್ತಾನ ಕಾದಾಟದಲ್ಲಿ ಮಡಿದ. 1800ರಲ್ಲಿ ಲಂಡನ್ನಿನ ಲೈಸಿಯಂ ಸಭಾಂಗಣದಲ್ಲಿ ಅದೇ ಕೋಟೆ ದಿನಾ ಬೀಳುತ್ತಿತ್ತು. ಟಿಕೆಟ್ ಕೊಂಡರೆ ಯಾರು ಬೇಕಾದರೂ ನೋಡಬಹುದಿತ್ತು. ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಚಿತ್ರಕಾರ ನೂರು ಅಡಿಗೂ ಜಾಸ್ತಿ ಉದ್ದದ ಬಟ್ಟೆಯ ಮೇಲೆ ಆ ಲಗ್ಗೆಯನ್ನು ಬಿಡಿಸಿದ್ದ. ಬಟ್ಟೆಯನ್ನು ಅರ್ಧವೃತ್ತವಾಗಿ ಬಾಗಿಸಿ ನಿಲ್ಲಿಸಿದ್ದರು. ಎದುರು ನಿಂತರೆ ಎಡಕ್ಕೂ ಬಲಕ್ಕೂ ಹೊಗೆ, ಬಂದೂಕು, ಬಿದ್ದ ಸೈನಿಕರು. ಪೋರ್ಟರ್ ಆ ಹೊತ್ತಿಗೆ ಭಾರತವನ್ನು ಕಂಡವನೇ ಅಲ್ಲ. ಆದರೂ ಲಗ್ಗೆಯಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮುಖಗಳನ್ನು ಗುರುತು ಸಿಗುವ ಹಾಗೆ ಬರೆದಿದ್ದ. ಕೋಟೆಯ ಕಡೆಯವರು ಬಹುಮಟ್ಟಿಗೆ ಬರೀ ಗುಂಪು.

ಮೂಲ ಚಿತ್ರ ಈಗ ಉಳಿದಿಲ್ಲ. ಅದನ್ನು ನೋಡಿ ಮಾಡಿದ ಅಚ್ಚುಚಿತ್ರಗಳಿವೆ. ಅವನ್ನು ಚೌಕಟ್ಟಿನಲ್ಲಿ ನೋಡುವಾಗ ಇದೊಂದು ಹಳೆಯ ಯುದ್ಧಚಿತ್ರ ಅಷ್ಟೇ ಅನ್ನಿಸುತ್ತದೆ. ಆದರೆ ಲೈಸಿಯಂಗೆ ಬಂದವರಿಗೆ ಅದು ಆ ಕಾಲದ ವಿಆರ್, ಅಂದರೆ ವರ್ಚುವಲ್ ರಿಯಾಲಿಟಿ. ನೋಡುಗರನ್ನು ಸುತ್ತುವರಿದು, 'ನೀವು ಅಲ್ಲೇ ಇದ್ದೀರಿ' ಎಂದು ನಂಬಿಸುವುದು ಅದರ ಕೆಲಸವಾಗಿತ್ತು. ಇವತ್ತು ತಲೆಗೆ ತೊಡುವ ವಿಆರ್ ಹೆಡ್‌ಸೆಟ್ ಮಾರುವವರು ಹೇಳುವುದೂ ಇದನ್ನೇ ಅಲ್ವಾ?

ವರ್ಚುವಲ್ ರಿಯಾಲಿಟಿಯ ಚರಿತ್ರೆ ಅಂತ ಹುಡುಕಿದರೆ ಸಾಮಾನ್ಯವಾಗಿ ಸಿಗುವ ಕಥೆ ಬೇರೆ. ಅದರಲ್ಲಿ ಒಬ್ಬರ ಹಿಂದೆ ಒಬ್ಬರು ಜಾಣರು ಬರುತ್ತಾರೆ. 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್, ಜೋಡಿ ಚಿತ್ರಗಳಿಂದ ಆಳ ಕಾಣಿಸುವ ಸ್ಟೀರಿಯೊಸ್ಕೋಪ್ ಮಾಡಿದ. 1962ರಲ್ಲಿ ಮಾರ್ಟನ್ ಹೈಲಿಗ್ ವಾಸನೆ, ಗಾಳಿ ಎಲ್ಲ ಬರುವ ಸೆನ್ಸೊರಾಮಾ ಪೆಟ್ಟಿಗೆಗೆ ಪೇಟೆಂಟ್ ಪಡೆದ. 1968ರಲ್ಲಿ ಐವನ್ ಸದರ್ಲೆಂಡ್ ತಲೆಗೆ ಧರಿಸುವ ಪರದೆ ತಂದ. 2012ರಲ್ಲಿ ಆಕ್ಯುಲಸ್ ಎಂಬ ವಿಆರ್ ಕಂಪನಿ ಬಂತು, 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. ಈ ಕಥೆಯಲ್ಲಿ ಯಂತ್ರ ಹಗುರವಾಗುತ್ತಾ ಹೋಗುತ್ತದೆ, ಚಿತ್ರ ಚೊಕ್ಕವಾಗುತ್ತಾ ಹೋಗುತ್ತದೆ. ಯಂತ್ರದೊಳಗೆ ಯಾರನ್ನು ತೋರಿಸಿದರು, ಯಾರ ದುಡ್ಡಿನಲ್ಲಿ, ಯಾರನ್ನು ಕೇಳಿ ಅನ್ನುವ ಮಾತು ಬರುವುದೇ ಇಲ್ಲ.

ಈ ಮಾತುಗಳನ್ನು ಎತ್ತುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರ ನೋಟಕ್ಕೆ ನಿರ್ವಸಾಹತೀಕರಣ, ಅಂದರೆ ವಸಾಹತುಶಾಹಿಯ ನೆರಳು ಕಳಚುವುದು, ಎಂಬ ಭಾರದ ಹೆಸರಿದೆ. ಆದರೆ ಅವರು ಕೇಳುತ್ತಿರುವುದು ಸರಳವಾಗಿದೆ: ಈ ಮಾಧ್ಯಮಗಳ ನಡುವೆ ನಿಂತು ನೋಡುವ ಜಾಗ ಯಾರಿಗೆ ಸಿಗುತ್ತದೆ? ಸುತ್ತಲಿನ ದೃಶ್ಯವಾಗಿ ಉಳಿಯುವವರು ಯಾರು?

ನಡುವಿನ ಕಟ್ಟೆ

ನೋಡುಗರನ್ನು ಸುತ್ತುವರಿಯುವ ಇಂಥ ಸುತ್ತುಚಿತ್ರಕ್ಕೆ (ಪನೋರಮಾ) ಪೇಟೆಂಟ್ ಪಡೆದವನು ರಾಬರ್ಟ್ ಬಾರ್ಕರ್, 1787ರಲ್ಲಿ. ಆ ಪೇಟೆಂಟ್‌ನಲ್ಲಿ ಚಿತ್ರಕಲೆಯ ಮಾತು ಕಡಿಮೆ, ನೋಡುಗರನ್ನು ನಿಲ್ಲಿಸುವ ಬಗ್ಗೆಯೇ ಜಾಸ್ತಿ. ದುಂಡನೆಯ ಕಟ್ಟಡ ಇರಬೇಕು. ಬೆಳಕು ಮೇಲಿನಿಂದ ಬೀಳಬೇಕು. ಜನ ಕೆಳಗಿನಿಂದ ಹತ್ತಿ ನಡುವಿನ ಕಟ್ಟೆಗೆ ಬರಬೇಕು. ಚಿತ್ರದ ಹತ್ತಿರ ಹೋಗದಂತೆ ಬೇಲಿ ಇರಬೇಕು. ಮೇಲಿನ ಅಂಚಾಗಲಿ ಕೆಳಗಿನ ಅಂಚಾಗಲಿ ಕಣ್ಣಿಗೆ ಬೀಳಬಾರದು. ಎಲ್ಲವೂ ನಿಮಗೆ ಕಾಣುತ್ತದೆ, ನಿಮ್ಮನ್ನು ಯಾರೂ ನೋಡುವುದಿಲ್ಲ. ನೀವು ಯಾವುದನ್ನೂ ಮುಟ್ಟಬೇಕಾಗಿಲ್ಲ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

1793ರಲ್ಲಿ ಬಾರ್ಕರ್ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ಇಂಥ ಕಟ್ಟಡವನ್ನೇ ಕಟ್ಟಿಸಿದ. ಅಲ್ಲಿ ಊರುಗಳ ನೋಟವೂ ಇತ್ತು, ಯುದ್ಧಗಳ ನೋಟವೂ ಇತ್ತು. 1857ರ ದಂಗೆ ನಡೆದ ಮರುವರ್ಷವೇ ದೆಹಲಿಯ ಸುತ್ತುಚಿತ್ರ ಅಲ್ಲಿಗೆ ಬಂತು. ದೂರದ ಯುದ್ಧದ ಸುದ್ದಿ ಪತ್ರಿಕೆಯಲ್ಲಿ ಓದಿದವರು ಇಲ್ಲಿ ಬಂದು ಅದನ್ನು 'ಕಂಡು' ಹೋಗುತ್ತಿದ್ದರು. ಕಂಡ ಮೇಲೆ ಅನುಮಾನ ಎಲ್ಲಿ ಉಳಿಯುತ್ತದೆ?

ಎಲ್ಲ ಸುತ್ತುಚಿತ್ರವೂ ಸಾಮ್ರಾಜ್ಯದ ತುತ್ತೂರಿ ಆಗಿರಲಿಲ್ಲ. ಬಾರ್ಕರ್‌ನ ಮೊದಲ ಚಿತ್ರ ಎಡಿನ್‌ಬರೋ ಊರಿನ ನೋಟ. ಅದರಲ್ಲಿ ತನ್ನೂರನ್ನು ತಾನೇ ನೋಡುವ ಖುಷಿ ಇದೆ. ಆದರೆ ಅದೇ ಕಟ್ಟೆಯ ಮೇಲೆ ನಿಂತು ತಾವು ಗೆದ್ದುಕೊಂಡ ಊರನ್ನು ನೋಡುವಾಗ ಖುಷಿಯ ಬಣ್ಣ ಬದಲಾಗುತ್ತದೆ. ಸಾಧನ ಒಂದೇ, ಸಂಬಂಧ ಬೇರೆ. ಈ ವ್ಯತ್ಯಾಸ ಬಿಟ್ಟು ತಂತ್ರಜ್ಞಾನವನ್ನೇ ಬೈಯುವ ಬರಹಗಳು ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ.

ಸ್ಟೀರಿಯೊಸ್ಕೋಪ್ ಬಂದ ಮೇಲೆ ಕಟ್ಟಡವೇ ಬೇಡವಾಯಿತು. ಎರಡು ಮಸೂರ, ಒಂದು ಜೋಡಿ ಫೋಟೊ ಇದ್ದರೆ ಮನೆಯಲ್ಲೇ ಕೂತು ಲೋಕ ಸುತ್ತಬಹುದು. ಅಮೆರಿಕದ ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ 1859ರಲ್ಲಿ ಇದರ ಬಗ್ಗೆ ಸಂಭ್ರಮದಿಂದ ಬರೆದ. ಅವನ ಮಾತಿನ ಸಾರ ಹೀಗಿದೆ: ದಕ್ಷಿಣ ಅಮೆರಿಕದಲ್ಲಿ ಚರ್ಮಕ್ಕಾಗಿ ದನ ಬೇಟೆಯಾಡಿ ಉಳಿದ ದೇಹವನ್ನು ಅಲ್ಲೇ ಬಿಟ್ಟು ಹೋಗುತ್ತಾರಲ್ಲ, ಹಾಗೆ ಇನ್ನು ಮುಂದೆ ಜನ ಲೋಕದ ಸುಂದರ ವಸ್ತುಗಳ ಮೇಲ್ಮೈಯನ್ನು ಸುಲಿದು ತರುತ್ತಾರೆ, ವಸ್ತುವಿಗೆ ಬೆಲೆ ಇರುವುದಿಲ್ಲ. ಹೋಮ್ಸ್ ಇದನ್ನು ಹೊಗಳಿಕೆಯಾಗಿಯೇ ಬರೆದ. ಇವತ್ತು ದೇವಾಲಯ, ಮೂರ್ತಿ, ಮುಖ ಎಲ್ಲವನ್ನೂ ತ್ರೀಡಿ ಸ್ಕ್ಯಾನ್ ಮಾಡುವ ಕಾಲದಲ್ಲಿ ಓದಿದರೆ ಮೈ ಜುಮ್ಮೆನ್ನುತ್ತದೆ. ಮುಂದೆ ಅಮೆರಿಕದ ಕಂಪನಿಗಳು ಇಂಥ ಫೋಟೊಗಳನ್ನು ರಾಶಿರಾಶಿಯಾಗಿ ಮಾರಿದವು. 1899ರಲ್ಲಿ ಶುರುವಾದ ಫಿಲಿಪೀನ್ಸ್ ಯುದ್ಧದಲ್ಲಿ ಕಂದಕಗಳಲ್ಲಿ ಸತ್ತುಬಿದ್ದ ಫಿಲಿಪಿನೊ ಸೈನಿಕರ ಚಿತ್ರಗಳೂ ಆ ಸರಕಿನಲ್ಲಿದ್ದವು.

ಜಾತ್ರೆಯೊಳಗಿನ ಕಾಂಗೋ

ಸಾಮ್ರಾಜ್ಯ ಮತ್ತು ಈ ಮಾಧ್ಯಮಗಳು ತೀರಾ ಬಹಿರಂಗವಾಗಿ ಕೈಹಿಡಿದು ನಿಂತದ್ದು ವಿಶ್ವ ಪ್ರದರ್ಶನಗಳಲ್ಲಿ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಮಾರಿಯೊರಾಮಾ ಎಂಬ ಆಟ ಇತ್ತು. ಹಡಗಿನ ಅಟ್ಟದಂತೆ ಕಟ್ಟಿದ ವೇದಿಕೆ ಓಲಾಡುತ್ತಿತ್ತು, ಇಕ್ಕೆಲಗಳಲ್ಲೂ ಉದ್ದನೆಯ ಚಿತ್ರ ಸುರುಳಿ ಬಿಚ್ಚುತ್ತಿತ್ತು. ಅದೇ ಪ್ರದರ್ಶನದಲ್ಲಿ 'ಜಗತ್ತಿನ ಸುತ್ತು' ಎಂಬ ಸುತ್ತುಚಿತ್ರವೂ ಇತ್ತು. ಅಲ್ಲಿ ಚಿತ್ರದ ಮುಂದೆ ಆಯಾ ದೇಶಗಳ ನಿಜವಾದ ಮನುಷ್ಯರನ್ನು ನಿಲ್ಲಿಸಿದ್ದರು. ಬಣ್ಣದ ಬಟ್ಟೆ ಎಲ್ಲಿ ಮುಗಿಯುತ್ತದೆ, ಮನುಷ್ಯ ಎಲ್ಲಿ ಶುರುವಾಗುತ್ತಾನೆ ಎಂದು ತಿಳಿಯಬಾರದು ಎಂಬುದೇ ಅದರ ಚಮತ್ಕಾರ. ನಾಲ್ಕು ವರ್ಷದ ನಂತರ ಅಮೆರಿಕದ ಸೇಂಟ್ ಲೂಯಿಸ್ ಪ್ರದರ್ಶನದಲ್ಲಿ ಸಾವಿರಕ್ಕೂ ಹೆಚ್ಚು ಫಿಲಿಪಿನೊ ಜನರನ್ನು ಕರೆತಂದು 'ಹಳ್ಳಿ'ಗಳಲ್ಲಿ ಇಟ್ಟಿದ್ದರು. ಅಮೆರಿಕ ಆ ದ್ವೀಪಗಳನ್ನು ಕೈವಶ ಮಾಡಿಕೊಂಡು ಆಗ ಕೆಲವೇ ವರ್ಷವಾಗಿತ್ತು.

ಇವೆಲ್ಲಕ್ಕಿಂತ ಕಾಂಗೋದ ಸುತ್ತುಚಿತ್ರದ ಕಥೆಗೆ ಹೆಚ್ಚು ಪದರಗಳಿವೆ. 1885ರಿಂದ 1908ರವರೆಗೆ ಕಾಂಗೋ ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡನ ಸ್ವಂತ ಆಸ್ತಿಯಂತೆ ಇತ್ತು. ರಬ್ಬರ್ ತಂದುಕೊಡದ ಹಳ್ಳಿಗಳ ಮೇಲೆ ನಡೆದ ಕ್ರೌರ್ಯ ಹೊರಜಗತ್ತಿಗೆ ತಿಳಿದು ದೊಡ್ಡ ಹಗರಣವಾಯಿತು. 1908ರಲ್ಲಿ ಬೆಲ್ಜಿಯಂ ಸರ್ಕಾರ ಕಾಂಗೋವನ್ನು ವಹಿಸಿಕೊಂಡಿತು. ಕೆಟ್ಟ ಹೆಸರು ತೊಳೆಯಬೇಕಿತ್ತು. ವಸಾಹತು ಸಚಿವಾಲಯ ಆಲ್ಫ್ರೆಡ್ ಬಾಸ್ಟಿಯನ್ ಮತ್ತು ಪಾಲ್ ಮ್ಯಾಥ್ಯೂ ಎಂಬ ಇಬ್ಬರು ಚಿತ್ರಕಾರರನ್ನು ಅಲ್ಲಿಗೆ ಕಳಿಸಿತು. 115 ಮೀಟರ್ ಉದ್ದ, 14 ಮೀಟರ್ ಎತ್ತರದ ಚಿತ್ರ ತಯಾರಾಯಿತು. 1913ರ ಗೆಂಟ್ ಪ್ರದರ್ಶನದಲ್ಲಿ ಅದನ್ನು ಜನರಿಗೆ ತೋರಿಸಿದರು, 1935ರಲ್ಲಿ ಬ್ರಸೆಲ್ಸ್‌ನಲ್ಲಿ ಮತ್ತೊಮ್ಮೆ. ಮಟಾಡಿ ಬಂದರು, ರೈಲು, ಕಾಡು, ಸಂತೆ. ಎಲ್ಲ ಶಾಂತ, ಎಲ್ಲ ಹಸಿರು. ಚಿತ್ರದಲ್ಲಿ ರಕ್ತದ ಒಂದು ಹನಿಯೂ ಇರದಂತೆ ನೋಡಿಕೊಳ್ಳುವುದೇ ಅದರ ಉದ್ದೇಶವಾಗಿತ್ತು.

ಇದೇ ಕಾಂಗೋದ ವಿಷಯದಲ್ಲಿ ಇನ್ನೊಂದು ಬೆಳಕಿನ ಯಂತ್ರ ತದ್ವಿರುದ್ಧ ಕೆಲಸ ಮಾಡಿತ್ತು. ಆಲಿಸ್ ಸೀಲಿ ಹ್ಯಾರಿಸ್ ಎಂಬ ಇಂಗ್ಲಿಷ್ ಮಿಷನರಿ ಅಲ್ಲಿನ ಕ್ರೌರ್ಯವನ್ನು ಫೋಟೊ ತೆಗೆದಿದ್ದಳು. ಆ ಚಿತ್ರಗಳನ್ನು ಗಾಜಿನ ಸ್ಲೈಡ್ ಮಾಡಿ, ಮ್ಯಾಜಿಕ್ ಲ್ಯಾಂಟರ್ನ್ ಮೂಲಕ ಕತ್ತಲ ಸಭಾಂಗಣಗಳಲ್ಲಿ ದೊಡ್ಡದಾಗಿ ತೋರಿಸಿದರು. ನ್ಸಾಲಾ ಎಂಬ ತಂದೆ ತನ್ನ ಮಗಳ ಕತ್ತರಿಸಿದ ಒಂದು ಕೈ, ಒಂದು ಪಾದವನ್ನು ನೋಡುತ್ತಾ ಕೂತ 1904ರ ಚಿತ್ರ ಇವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು. ಲಿಯೊಪೋಲ್ಡನ ಆಡಳಿತ ಕೊನೆಗಾಣಲು ಈ ಪ್ರಚಾರವೂ ಕಾರಣ. ಹಾಗಾದರೆ ಇದು ಒಳ್ಳೆಯ ಉದಾಹರಣೆಯೇ? ಅರ್ಧ ಹೌದು. ಆ ಸಭೆಗಳಲ್ಲಿ ಬಹುತೇಕ ಮಾತಾಡಿದವರು ಮಿಷನರಿಗಳು ಮತ್ತು ಸುಧಾರಕರು. ಅವರಲ್ಲಿ ಹೆಚ್ಚಿನವರು ಕೇಳಿದ್ದು ಕರುಣೆಯುಳ್ಳ ಆಡಳಿತವನ್ನು. ಕಾಂಗೋ ಜನ ತಮ್ಮನ್ನು ತಾವೇ ಆಳಲಿ ಎಂದಲ್ಲ. ನ್ಸಾಲಾನ ಚಿತ್ರ ಊರೂರು ತಿರುಗಿತು. ಅವನ ಮಾತು ಜೊತೆಗೆ ಹೋದರೂ ಬೇರೆಯವರ ಬಾಯಲ್ಲಿ ಹೋಯಿತು.

ಕಾಂಗೋದ ಸುತ್ತುಚಿತ್ರ ಆಮೇಲೆ ಸುರುಳಿಯಾಗಿ ಮೂಲೆ ಸೇರಿತು. ಈಗ ಸಂಶೋಧಕರು ಅದನ್ನು ಡಿಜಿಟಲ್ ರೂಪಕ್ಕೆ ತಂದು ವಿಆರ್‌ನಲ್ಲಿ ಮತ್ತೆ ತೋರಿಸುವ ದಾರಿ ಹುಡುಕುತ್ತಿದ್ದಾರೆ. ಇಲ್ಲೊಂದು ಇಕ್ಕಟ್ಟಿದೆ. ಸುಳ್ಳನ್ನು ಅರ್ಥಮಾಡಿಕೊಳ್ಳಬೇಕಾದರೆ ಅದರೊಳಗೆ ನಿಂತು ನೋಡಬೇಕು. ಆದರೆ ಹೆಡ್‌ಸೆಟ್ ಹಾಕಿಕೊಂಡವರು ಮತ್ತೆ ಅದೇ ಕಟ್ಟೆಯ ಮೇಲೆ ನಿಂತು ಅದೇ ಹಸಿರಿಗೆ ಮರುಳಾದರೆ? ಪಕ್ಕದಲ್ಲೊಂದು ವಿವರಣೆಯ ಫಲಕ ತೂಗುಹಾಕಿದರೆ ಸಾಕಾಗುವುದಿಲ್ಲ. ನೋಡುವವರು ನಿಲ್ಲುವ ಜಾಗವನ್ನೇ ಕದಲಿಸಬೇಕಾಗುತ್ತದೆ.

ಸೇನೆಯ ದುಡ್ಡು, ಗಡಿಯ ಮಾತು

20ನೇ ಶತಮಾನಕ್ಕೆ ಬಂದರೆ ಜಾತ್ರೆಯ ಜಾಗಕ್ಕೆ ಸೇನೆ ಬರುತ್ತದೆ. ಇದು ಸಾಕಷ್ಟು ಜನಕ್ಕೆ ಗೊತ್ತಿರುವ ಕಥೆ, ಬೇಗ ಹೇಳಿ ಮುಗಿಸಬಹುದು. ಫ್ರೆಡ್ ವಾಲರ್ ಎಂಬಾತ ಹಲವು ಪ್ರೊಜೆಕ್ಟರ್‌ಗಳಿಂದ ಬಾಗಿದ ಪರದೆ ತುಂಬಿಸುವ ತಂತ್ರ ಕಂಡುಕೊಂಡ. ಎರಡನೇ ಮಹಾಯುದ್ಧದಲ್ಲಿ ಅದು ವಿಮಾನ ಹೊಡೆದುರುಳಿಸುವ ಗನ್ನರ್‌ಗಳ ತರಬೇತಿ ಯಂತ್ರವಾಯಿತು. ಯುದ್ಧ ಮುಗಿದ ಮೇಲೆ, 1952ರಲ್ಲಿ, ಅದೇ ತಂತ್ರ ಸಿನಿರಾಮಾ ಎಂಬ ಹೆಸರಿನಲ್ಲಿ ಥಿಯೇಟರಿಗೆ ಬಂತು. ಸದರ್ಲೆಂಡ್‌ನ ತಲೆಪರದೆಯ ಹಿಂದೆಯೂ ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿತ್ತು.

1978ರ ಆಸ್ಪೆನ್ ನಕ್ಷೆಯ ಕಥೆ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ ಕೊಲರಾಡೋದ ಆಸ್ಪೆನ್ ಎಂಬ ಪುಟ್ಟ ಊರಿನ ಬೀದಿಗಳನ್ನೆಲ್ಲ ಕಾರಿನ ಮೇಲಿನ ಕ್ಯಾಮೆರಾದಿಂದ ಸೆರೆಹಿಡಿಯಿತು. ಪರದೆ ಮುಟ್ಟಿ ಎಡಕ್ಕೆ ಬಲಕ್ಕೆ ತಿರುಗುತ್ತಾ ಊರು ಸುತ್ತಬಹುದಿತ್ತು. ಇವತ್ತಿನ ಸ್ಟ್ರೀಟ್ ವ್ಯೂನ ಅಜ್ಜ ಅನ್ನಬಹುದು. ದುಡ್ಡು ಕೊಟ್ಟದ್ದು ಅಮೆರಿಕದ ಸೇನಾ ಸಂಶೋಧನಾ ಸಂಸ್ಥೆ ಡಾರ್ಪಾ. ಅದಕ್ಕೆ ಎರಡು ವರ್ಷ ಮೊದಲು ಉಗಾಂಡಾದ ಎಂಟೆಬ್ಬೆ ವಿಮಾನ ನಿಲ್ದಾಣದಲ್ಲಿ ಒತ್ತೆಯಾಳುಗಳನ್ನು ಬಿಡಿಸುವ ಮೊದಲು ಇಸ್ರೇಲಿ ಕಮಾಂಡೊಗಳು ಕಟ್ಟಡದ ನಕಲು ಕಟ್ಟಿಕೊಂಡು ತಾಲೀಮು ನಡೆಸಿದ್ದರು. ಕಟ್ಟಡ ಕಟ್ಟದೆಯೇ, ಕಾಣದ ಊರಿನ ಪರಿಚಯ ಸೈನಿಕರಿಗೆ ಮಾಡಿಸಬಹುದೇ ಎಂಬ ಆಸೆಯಿಂದ ಈ ಯೋಜನೆಗೆ ಹಣ ಬಂತು.

ಸೇನೆಯ ದುಡ್ಡು ಮುಟ್ಟಿದ್ದೆಲ್ಲ ಮೈಲಿಗೆ ಎಂದು ವಾದಿಸುವುದು ಸುಲಭ. ಹಾಗೆ ನೋಡಿದರೆ ಇಂಟರ್‌ನೆಟ್ಟನ್ನೂ ಬಿಡಬೇಕಾಗುತ್ತದೆ. ಆದರೆ ಈ ದಾರಿ ಇನ್ನೂ ಮುಗಿದಿಲ್ಲ ಎಂಬುದನ್ನು ಗಮನಿಸಬೇಕು. 2021ರಲ್ಲಿ ಮೈಕ್ರೋಸಾಫ್ಟ್ ತನ್ನ ಕನ್ನಡಕಗಳನ್ನು ಸೈನಿಕರಿಗೆ ಹೊಂದಿಸಿಕೊಡಲು ಅಮೆರಿಕದ ಸೇನೆಯಿಂದ ಗರಿಷ್ಠ 2,188 ಕೋಟಿ ಡಾಲರ್ ತನಕದ ಒಪ್ಪಂದ ಪಡೆಯಿತು. 2025ರಲ್ಲಿ ಅದರ ಹೊಣೆ ಆಂಡುರಿಲ್ ಎಂಬ ಶಸ್ತ್ರಾಸ್ತ್ರ ಕಂಪನಿಗೆ ಹೋಯಿತು. ಆ ಕಂಪನಿಯ ಸ್ಥಾಪಕರಲ್ಲಿ ಒಬ್ಬ ಪಾಮರ್ ಲಕ್ಕಿ. ಆಟಕ್ಕೆಂದು ಆಕ್ಯುಲಸ್ ಶುರುಮಾಡಿದವನೂ ಅವನೇ.

ಮಾತಿನ ವಿಷಯವೂ ಒಂದಿದೆ. 1990ರಲ್ಲಿ ಅಮೆರಿಕದ ಲೇಖಕ ಜಾನ್ ಪೆರಿ ಬಾರ್ಲೋ ವಿಆರ್ ಪ್ರವರ್ತಕರ ಬಗ್ಗೆ ಬರೆಯುತ್ತಾ ಕೊಲಂಬಸ್‌ನ ಹೆಸರು ತಂದ. ಇಷ್ಟೊಂದು ಬಳಸಬಹುದಾದ, ಯಾರದ್ದೂ ಅಲ್ಲದ ಜಾಗವನ್ನು ಕೊಲಂಬಸ್ ನಂತರ ಕಂಡವರು ಇವರೇ ಎಂಬರ್ಥದ ಮಾತು ಅದು. ಕೊಲಂಬಸ್ ಇಳಿದ ನೆಲ ಯಾರದ್ದೂ ಆಗಿರಲಿಲ್ಲವೇ? 2021ರ ಕೊನೆಯಲ್ಲಿ ಫೇಸ್‌ಬುಕ್ ಕಂಪನಿಯ ಹೆಸರು ಮೆಟಾ ಆಯಿತು. ಮೆಟಾವರ್ಸ್ ಎಂಬ ವರ್ಚುವಲ್ ಲೋಕಗಳಲ್ಲಿ 'ಸೈಟ್' ಕೊಳ್ಳುವ ಭರಾಟೆ ಎದ್ದಿತು. ಅಳತೆಯೇ ಇಲ್ಲದ ಜಾಗದಲ್ಲಿ ಬೇಕೆಂದೇ ಬೇಲಿ ಹಾಕಿ, ಕೊರತೆ ಹುಟ್ಟಿಸಿ, ತುಂಡು ಮಾಡಿ ಮಾರಿದರು. ಹೊಸ ಲೋಕ ಕಟ್ಟುವ ಅವಕಾಶ ಸಿಕ್ಕಾಗ ಮೊದಲು ನೆನಪಾಗಿದ್ದು ಪಟ್ಟಾ ಮತ್ತು ಬೇಲಿ. ನಗು ಬರುತ್ತದೆ.

ಅನುಕಂಪದ ಯಂತ್ರ

ಇನ್ನೊಂದು ದೊಡ್ಡ ಭರವಸೆ ಅನುಕಂಪದ್ದು. 2015ರಲ್ಲಿ ವಿಶ್ವಸಂಸ್ಥೆ ಜೋರ್ಡಾನ್‌ನ ಜಾತಾರಿ ನಿರಾಶ್ರಿತರ ಶಿಬಿರದ ಬಗ್ಗೆ ಒಂದು ವಿಆರ್ ಚಿತ್ರ ಹೊರತಂದಿತು. ಹನ್ನೆರಡು ವರ್ಷದ ಸಿರಿಯಾದ ಹುಡುಗಿಯೊಬ್ಬಳು ತನ್ನ ದಿನಚರಿ ಹೇಳುತ್ತಾಳೆ. ಅದನ್ನು ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಗೆ ಬಂದ ಗಣ್ಯರಿಗೆ ತೋರಿಸಿದರು. ಚಿತ್ರ ಮಾಡಿದವರಲ್ಲಿ ಒಬ್ಬನಾದ ಕ್ರಿಸ್ ಮಿಲ್ಕ್ ಅದೇ ವರ್ಷ ವಿಆರ್ ಅನ್ನು ಅನುಕಂಪದ ಪರಮ ಯಂತ್ರ ಎಂದು ಕರೆದ.

ಚಿತ್ರ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಅದನ್ನು ನೋಡಿ ಕಣ್ಣು ಒದ್ದೆಯಾದವರ ಕಣ್ಣೀರು ಸುಳ್ಳೂ ಅಲ್ಲ. ಆದರೆ ಯಾರು ಎಲ್ಲಿ ಇದ್ದಾರೆ ನೋಡಿ. ದಾವೋಸ್‌ನ ಗಣ್ಯರು ಕೆಲ ನಿಮಿಷ ಶಿಬಿರಕ್ಕೆ 'ಹೋಗಿ' ಬರಬಹುದು. ಆ ಹುಡುಗಿ ಹೆಡ್‌ಸೆಟ್ ಹಾಕಿಕೊಂಡು ದಾವೋಸ್‌ನ ಸಭೆಯಲ್ಲಿ ಕೂರುವ ಏರ್ಪಾಡು ಯಾರೂ ಮಾಡಲಿಲ್ಲ. ಗಡಿ ದಾಟುವ ಹಕ್ಕು ನೋಡುವವರಿಗೆ ಮಾತ್ರ. ಕರುಣೆ ಹುಟ್ಟಬೇಕಾದರೆ ಬಡವರ ಕಷ್ಟದೊಳಗೆ ನಮ್ಮ ದೇಹವೇ ಹೋಗಿ ನಿಲ್ಲಬೇಕು ಅನ್ನುವುದೂ ಯೋಚಿಸಬೇಕಾದ ಮಾತು. ಅವರು ಬಾಯಿಬಿಟ್ಟು ಹೇಳಿದರೆ ನಾವು ನಂಬುವುದಿಲ್ಲ ಅಂತ ತಾನೇ ಅರ್ಥ?

2017ರ ಅಕ್ಟೋಬರಿನಲ್ಲಿ ಇದು ಬಯಲಿಗೇ ಬಂತು. ಮರಿಯಾ ಚಂಡಮಾರುತ ಪೋರ್ಟೊರಿಕೊವನ್ನು ಧ್ವಂಸ ಮಾಡಿತ್ತು. ಆ ದ್ವೀಪ 1898ರಿಂದ ಅಮೆರಿಕದ ಹಿಡಿತದಲ್ಲಿದೆ. ಮಾರ್ಕ್ ಜುಕರ್‌ಬರ್ಗ್ ಕಾರ್ಟೂನ್ ರೂಪದಲ್ಲಿ ನಗುನಗುತ್ತಾ ಅಲ್ಲಿನ ನೆರೆಯ ದೃಶ್ಯದ ನಡುವೆ ತೇಲಾಡಿದ, ವಿಆರ್ ಎಷ್ಟು ಸೊಗಸು ಎಂದು ವಿವರಿಸಿದ. ಜನ ಉಗಿದ ಮೇಲೆ ಕ್ಷಮೆ ಕೇಳಿದ. ಅವನಿಗೆ ಕೆಟ್ಟ ಉದ್ದೇಶ ಇತ್ತು ಅಂತ ನನಗನ್ನಿಸುವುದಿಲ್ಲ. ಬಾರ್ಕರ್‌ನ ಕಟ್ಟೆಯ ಮೇಲೆ ನಿಂತವರಿಗೆ ತಾವು ನಿಂತ ಜಾಗ ಕಾಣದೆ ಇರುವುದು ಸಹಜವೇ.

ಹಾಗಾದರೆ ಬೇರೆ ಥರ ಇರಲು ಸಾಧ್ಯವೇ? ಇಲ್ಲಿ ಒಂದು ಹಳ್ಳದ ಬಗ್ಗೆ ಎಚ್ಚರ ಹೇಳಬೇಕು. ಪಶ್ಚಿಮದ ಚರಿತ್ರೆಯನ್ನು ಪ್ರಶ್ನಿಸಿದ ಕೂಡಲೇ 'ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು' ಎಂಬ ವಾದ ಹಾಜರಾಗುತ್ತದೆ. ಸಂಜಯನ ದಿವ್ಯದೃಷ್ಟಿಯನ್ನು ಲೈವ್ ಟೆಲಿಕಾಸ್ಟ್ ಮಾಡಿದವರು, ನಾಳೆ ಅದನ್ನು ವಿಆರ್ ಮಾಡಲು ಹಿಂಜರಿಯುವುದಿಲ್ಲ. ಇದರಲ್ಲಿ ಬಿಡುಗಡೆ ಏನಿದೆ? ಅಳತೆಗೋಲು ಅವರದ್ದೇ, ಮೊದಲ ಬಹುಮಾನ ಮಾತ್ರ ನಮಗೆ ಬೇಕು, ಅಷ್ಟೇ.

ಬೇರೆ ಕಡೆಯ ಪರಂಪರೆಗಳನ್ನು ಅವುಗಳ ರೀತಿಯಲ್ಲೇ ನೋಡಿದರೆ ಹೆಚ್ಚು ಸಿಗುತ್ತದೆ. ಜಾವಾದ ವಯಾಂಗ್ ತೊಗಲುಗೊಂಬೆ ಆಟವನ್ನೇ ತೆಗೆದುಕೊಳ್ಳಿ. ಅಲ್ಲಿ ಪರದೆಯ ಎರಡೂ ಬದಿಯಲ್ಲಿ ಜನ ಕೂರಬಹುದು. ಒಂದು ಕಡೆ ನೆರಳು ಕಾಣುತ್ತದೆ. ಇನ್ನೊಂದು ಕಡೆ ಗೊಂಬೆಯ ಬಣ್ಣ, ಆಡಿಸುವ ದಲಾಂಗ್, ಗ್ಯಾಮೆಲಾನ್ ಮೇಳ ಎಲ್ಲ ಕಾಣುತ್ತದೆ. ರಾತ್ರಿಯಿಡೀ ಆಟ. ನಡುವೆ ಮಾತು, ಊಟ, ತೂಕಡಿಕೆ ಎಲ್ಲ ಇರುತ್ತದೆ. ಆದರೂ ಜನ ಕಥೆಯಲ್ಲಿ ಮುಳುಗುತ್ತಾರೆ. ಅಂಚು ಮುಚ್ಚಿಟ್ಟರೆ, ಯಂತ್ರ ಮರೆಮಾಡಿದರೆ ಮಾತ್ರ ಮುಳುಗುವಿಕೆ ಸಾಧ್ಯ ಎಂಬ ಬಾರ್ಕರ್‌ನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆಡಿಸುವವನು ಕಣ್ಣೆದುರೇ ಇದ್ದಾನೆ, ಮೋಡಿ ಕಡಿಮೆಯಾಗಿಲ್ಲ.

ಈಗಿನ ಪ್ರಯೋಗಗಳೂ ಇವೆ. ಕೆನಡಾದಲ್ಲಿ ಜೇಸನ್ ಎಡ್ವರ್ಡ್ ಲೂಯಿಸ್ ಮತ್ತು ಮೊಹಾಕ್ ಸಮುದಾಯದ ಕಲಾವಿದೆ ಸ್ಕವೆನ್ನಾಟಿ 2005ರಲ್ಲಿ ಮೂಲನಿವಾಸಿಗಳ ಸೈಬರ್ ನೆಲೆ ಎಂಬರ್ಥದ ಜಾಲವೊಂದನ್ನು ಕಟ್ಟಿದರು. ಆಗಿನ ವರ್ಚುವಲ್ ಲೋಕಗಳಲ್ಲೇ ಜಾಗ ಮಾಡಿಕೊಂಡು, ಮೂಲನಿವಾಸಿಗಳ ನಾಳೆ ಹೇಗಿರಬಹುದು ಎಂದು ಅವರು ಚಿತ್ರಿಸಿದರು. ಹೊರಗಿನವರ ಕಣ್ಣಿಗೆ ಸದಾ ಹಳೆಯ ಕಾಲದವರಾಗಿಯೇ ಕಾಣುವ ಜನಕ್ಕೆ ಭವಿಷ್ಯ ಬರೆಯುವುದು ಸಣ್ಣ ಕೆಲಸವಲ್ಲ. ಆಸ್ಟ್ರೇಲಿಯಾದಲ್ಲಿ ಮಾರ್ಟು ಸಮುದಾಯದ ಹಿರಿಯ ನ್ಯಾರಿ ಮಾರ್ಗನ್ ಯುವಕನಾಗಿದ್ದಾಗ, 1950ರ ದಶಕದಲ್ಲಿ, ಬ್ರಿಟನ್ ನಡೆಸಿದ ಅಣುಬಾಂಬ್ ಪರೀಕ್ಷೆಯನ್ನು ಕಣ್ಣಾರೆ ಕಂಡವನು. ಏನದು ಎಂದು ಹೇಳುವವರು ಯಾರೂ ಇರಲಿಲ್ಲ. 2016ರಲ್ಲಿ ಆತ ಆ ಕಥೆಯನ್ನು ವಿಆರ್ ಮೂಲಕ ಹೇಳಿದ. ನಿರ್ದೇಶಕಿ ಹೊರಗಿನವಳೇ. ಆದರೆ ಕಥೆ ಯಾವುದು, ಯಾವಾಗ ಹೇಳಬೇಕು ಎಂಬ ತೀರ್ಮಾನ ಆತನದು. ನೋಡುವವರು ಅಲ್ಲಿ ಅತಿಥಿಗಳು. ಕರೆದರೆ ಹೋಗುವವರು.

ಆದರೆ ಕಥೆ ಹೇಳುವ ಹಕ್ಕು ಸಿಕ್ಕಿದರೂ ಡಿಜಿಟಲ್ ಕಡತ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಈಜಿಪ್ಟಿನ ನೆಫರ್ಟೀಟಿ ಪ್ರತಿಮೆ 1912ರಲ್ಲಿ ಜರ್ಮನ್ ತಂಡ ಅಗೆದಾಗ ಸಿಕ್ಕಿದ್ದು. ಅಲ್ಲಿಂದ ಬರ್ಲಿನ್‌ಗೆ ಹೋಯಿತು. ಈಜಿಪ್ಟ್ ದಶಕಗಳಿಂದ ವಾಪಸ್ ಕೇಳುತ್ತಿದೆ. ಮ್ಯೂಸಿಯಂ ಅದರ ನಿಖರ ತ್ರೀಡಿ ಸ್ಕ್ಯಾನ್ ಮಾಡಿಸಿ ಇಟ್ಟುಕೊಂಡಿತ್ತು, ಹೊರಗೆ ಕೊಡುತ್ತಿರಲಿಲ್ಲ. ಅಮೆರಿಕದ ಕಲಾವಿದನೊಬ್ಬ ಮಾಹಿತಿ ಹಕ್ಕಿನ ಕಾನೂನು ಹಿಡಿದು ಸುಮಾರು ಮೂರು ವರ್ಷ ಹೋರಾಡಿದ ಮೇಲೆ, 2019ರಲ್ಲಿ ಕಡತ ಹೊರಬಂತು. ತೆರೆದು ನೋಡಿದರೆ ಡಿಜಿಟಲ್ ಪ್ರತಿಮೆಯ ಅಡಿಯಲ್ಲಿ ಲೈಸೆನ್ಸ್ ಕೆತ್ತಿತ್ತು: ಇದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಮೂರು ಸಾವಿರ ವರ್ಷ ಹಳೆಯ ರಾಣಿಯ ನೆರಳಿಗೂ ಬರ್ಲಿನ್‌ನ ಮುದ್ರೆ! ಮೂಲವನ್ನು ಕೊಡುವ ಬದಲು ಚೆಂದದ ನಕಲು ಕಳಿಸಿದರೆ ಸಾಲದೇ ಎಂಬ ಮಾತು ಈಗ ಆಗಾಗ ಕೇಳುತ್ತದೆ. ಅದು ನ್ಯಾಯವೇ ಆಗಿದ್ದರೆ ನಕಲನ್ನು ಮ್ಯೂಸಿಯಂ ಇಟ್ಟುಕೊಂಡು ಮೂಲವನ್ನು ಕಳಿಸಬಹುದಲ್ಲ.

ಹೆಡ್‌ಸೆಟ್‌ನ ಮೈಯನ್ನೂ ಮರೆಯುವಂತಿಲ್ಲ. ಹಲವು ಬಗೆಯ ಲಿಥಿಯಂ ಬ್ಯಾಟರಿಗಳಿಗೆ ಕೋಬಾಲ್ಟ್ ಬೇಕು. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಬರುವುದು ಕಾಂಗೋದಿಂದಲೇ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿಯುವುದು ಹಲವು ಬಾರಿ ದಾಖಲಾಗಿದೆ. ಕಾಂಗೋದ ಹಳೆಯ ಸುತ್ತುಚಿತ್ರವನ್ನು ವಿಮರ್ಶೆ ಮಾಡುವ ವಿಆರ್ ಪ್ರದರ್ಶನಕ್ಕೂ ಬ್ಯಾಟರಿ ಬೇಕೇ ಬೇಕು.

ಕಡತಗಳ ವಿಷಯದಲ್ಲಿ ಒಂದಿಷ್ಟು ಕೆಲಸ ಶುರುವಾಗಿದೆ. 2019ರಲ್ಲಿ ಮೂಲನಿವಾಸಿ ಸಮುದಾಯಗಳ ಜಾಗತಿಕ ಒಕ್ಕೂಟವೊಂದು 'ಕೇರ್' ಎಂಬ ಹೆಸರಿನಲ್ಲಿ ಡೇಟಾ ತತ್ವಗಳನ್ನು ಮುಂದಿಟ್ಟಿತು. ಅದರ ಪ್ರಕಾರ ಡೇಟಾದ ಲಾಭ ಸಮುದಾಯಕ್ಕೂ ಸಿಗಬೇಕು, ಹಿಡಿತವೂ ಅವರ ಕೈಯಲ್ಲಿರಬೇಕು. ಲೋಕಲ್ ಕಾಂಟೆಕ್ಸ್ಟ್ಸ್ ಎಂಬ ಸಂಸ್ಥೆ ಡಿಜಿಟಲ್ ವಸ್ತುಗಳಿಗೆ ಅಂಟಿಸುವ ಚೀಟಿಗಳನ್ನು ರೂಪಿಸಿದೆ. ಇದು ಪವಿತ್ರವಾದದ್ದು, ಇದನ್ನು ಹೆಂಗಸರಷ್ಟೇ ನೋಡಬೇಕು, ಇದನ್ನು ಇಂಥ ಋತುವಿನಲ್ಲಿ ಮಾತ್ರ ತೆರೆಯಬೇಕು ಎಂದು ಸಮುದಾಯಗಳೇ ಅದರಲ್ಲಿ ಬರೆಯಬಹುದು. ಈ ಚೀಟಿಗಳಿಗೆ ಕಾನೂನಿನ ಬಲವಿಲ್ಲ. ಕೆಲವು ಗ್ರಂಥಾಲಯ, ಮ್ಯೂಸಿಯಂಗಳು ಒಪ್ಪಿಕೊಂಡು ಪಾಲಿಸುತ್ತಿವೆ. ತ್ರೀಡಿ ಕಡತ ಒಮ್ಮೆ ಹೊರಗೆ ಹೋದರೆ ಅದರ ಪ್ರತಿಗಳನ್ನು ಹಿಂದಕ್ಕೆ ತರುವ ದಾರಿ ಇಲ್ಲ. ಹಾಗಾಗಿ ಸ್ಕ್ಯಾನ್ ಮಾಡುವ ಮೊದಲೇ ಸಮುದಾಯದ ಜೊತೆ ಕೂತು, ಬೇಡ ಎನ್ನುವ ಹಕ್ಕನ್ನೂ ಸೇರಿಸಿ ಒಪ್ಪಂದ ಬರೆದುಕೊಳ್ಳಬೇಕಾಗುತ್ತದೆ.